ಸಿ.ಡಿ.ಯೊಳಗಿನ ಹಾಡಿಗೆ ಆಯುಷ್ಯ

ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಮಸರಕಲ್ ಊರನ್ನು ದಾಸ ಸಾಹಿತ್ಯ ಓದಿದವರು ಮೊಸರುಕಲ್ಲು ಎಂದು ಬಲ್ಲರು. 1721ರಲ್ಲಿ ಇಲ್ಲಿ ಹುಟ್ಟಿದ ಭಾಗಣ್ಣನವರೇ ಮುಂದೆ ಗೋಪಾಲದಾಸರಾಗಿ, ‘ಗೋಪಾಲ ವಿಠಲ’ ಅಂಕಿತದಲ್ಲಿ ಪದ ಕಟ್ಟಿದರು. ಕೊನೆಗೆ ನೆಲೆಸಿದ್ದು ಈಗ ತೆಲಂಗಾಣಕ್ಕೆ ಸೇರಿರುವ ಗದ್ವಾಲ ಸೀಮೆಯ ಉತ್ತನೂರಿನಲ್ಲಿ. ಅವರ ಗುರು ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರದು ಮಾನ್ವಿ. ರೋಗಿಯಾಗಿದ್ದ ಜಗನ್ನಾಥದಾಸರಿಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆ ಎರೆದರು ಎಂಬ ಕಥೆಯನ್ನು ಈ ಭಾಗದಲ್ಲಿ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ.

ಇಷ್ಟೊಂದು ಹಾಡು ಹುಟ್ಟಿದ ನೆಲದಲ್ಲಿ ನಮಗೆ ದಕ್ಕಿದ್ದು ಸಾಹಿತ್ಯ ಮಾತ್ರ. ಸುಳಾದಿ ಎಂಬ ದೀರ್ಘ ಪದಗಳ ನೆತ್ತಿಯ ಮೇಲೆ ರಾಗ, ತಾಳಗಳ ಹೆಸರಿದೆ. ಆದರೆ ವಿಜಯದಾಸರು ಅವನ್ನು ಹೇಗೆ ಎತ್ತಿಕೊಂಡರು, ಗೋಪಾಲದಾಸರು ಯಾವ ಓಟದಲ್ಲಿ ಹಾಡಿದರು, ಎಲ್ಲಿ ನಿಂತರು, ಎಲ್ಲಿ ಎಳೆದರು ಎಂಬುದನ್ನು ಕೇಳುವ ಭಾಗ್ಯ ನಮಗಿಲ್ಲ. ಸಾಹಿತ್ಯವೂ ತಾನಾಗಿ ಉಳಿಯಲಿಲ್ಲ. ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರಂಥವರು ಮನೆಮನೆಯ ಹಸ್ತಪ್ರತಿ ಹುಡುಕಿ, ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಒಂದೊಂದೇ ಸಂಪುಟ ಅಚ್ಚು ಹಾಕಿಸಿದ್ದರಿಂದ ಉಳಿಯಿತು. ದನಿ ಹಿಡಿದಿಡುವ ಸಾಧನ ದಾಸರ ಕಾಲದಲ್ಲಿ ಇರಲಿಲ್ಲ. ನಮ್ಮ ಕಾಲದಲ್ಲಿ ಇದೆ, ಹಾಗಾಗಿ ಇನ್ನು ಹೋದರೆ ಹೊಣೆ ನಮ್ಮದೇ. ಇದೇ ಜಿಲ್ಲೆಯ ಸಿದ್ದರಾಮ ಜಂಬಲದಿನ್ನಿಯವರ ವಚನ ಗಾಯನವನ್ನು ಇಂದಿಗೂ ಕೇಳುತ್ತಿದ್ದೇವೆಂದರೆ ಅದು ಧ್ವನಿಮುದ್ರಣದ ಪುಣ್ಯ.

ಈಗ ನಮ್ಮ ಮನೆಗಳಲ್ಲಿ ಏನಿದೆ ನೋಡೋಣ. ಟಿ.ವಿ. ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ, ಟ್ರಂಕಿನಲ್ಲಿ, ದೇವರ ಕೋಣೆಯ ಮಾಡದಲ್ಲಿ ಒಂದಿಷ್ಟು ಸಿ.ಡಿ., ವಿ.ಸಿ.ಡಿ.ಗಳಿರುತ್ತವೆ. ದಾಸರ ಪದ, ತತ್ವಪದ, ಮೊಹರಂ ಪದ, ಮದುವೆಯ ವಿಡಿಯೊ. ಅವುಗಳ ನಡುವೆ ಕರೋಕೆ ಸಿ.ಡಿ.ಗಳು. ಹಾಡುಗಾರರ ದನಿ ತೆಗೆದು ಬರೀ ವಾದ್ಯ ಇಟ್ಟ ಇವನ್ನು ನಮ್ಮ ಮಂದಿ ‘ಟ್ರ್ಯಾಕ್’ ಎಂದೇ ಕರೆಯುತ್ತಾರೆ. ಜಪಾನಿನ ಕೋಬೆ ನಗರದಲ್ಲಿ 1971ರಲ್ಲಿ ದೈಸುಕೆ ಇನೊಉಯೆ ಎಂಬ ವಾದ್ಯಗಾರ ಬಾರುಗಳಿಗೆ ಬಾಡಿಗೆಗೆ ಕೊಟ್ಟ ಹಾಡುಪೆಟ್ಟಿಗೆಯಿಂದ ಬೆಳೆದ ಈ ಪದ್ಧತಿ ನಮ್ಮಲ್ಲಿ ಬೇರೆಯೇ ಕೆಲಸಕ್ಕೆ ಒದಗಿತು. ಹಾರ್ಮೋನಿಯಂ ನುಡಿಸುವವರು ಇಲ್ಲದ ಊರಿನಲ್ಲಿ ಹೆಣ್ಣುಮಕ್ಕಳ ಭಜನಾ ಮಂಡಳಿಗೆ ಟ್ರ್ಯಾಕೇ ಪಕ್ಕವಾದ್ಯ. ಪೂರ್ತಿ ಆರ್ಕೆಸ್ಟ್ರಾ ಕರೆಸುವ ಶಕ್ತಿಯಿಲ್ಲದ ಜಾತ್ರೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಪ್ಲೇಯರ್, ಎರಡು ಮೈಕು ಇದ್ದರೆ ರಸಮಂಜರಿ ನಡೆದುಹೋಗುತ್ತದೆ. “ಟ್ರ್ಯಾಕ್ ಹಚ್ರಿ” ಎಂದು ವೇದಿಕೆಯಿಂದ ಕೂಗಿದರೆ ಸಾಕು.

ದೊಡ್ಡ ಕಂಪನಿಗಳ ಆಲ್ಬಂ ಕಳೆದರೆ ಇನ್ನೊಂದು ಸಿಕ್ಕೀತು. ನನ್ನ ಕಳವಳ ಇರುವುದು ಸ್ಥಳೀಯ ಸ್ಟುಡಿಯೊಗಳಲ್ಲಿ, ಕೀಬೋರ್ಡ್ ಕಲಾವಿದರು ತಾವೇ ಕೂತು ನುಡಿಸಿ ಬರೆದುಕೊಟ್ಟ ಸಿ.ಡಿ.ಗಳ ಬಗ್ಗೆ. ಊರ ದೇವರ ಹಾಡಿಗೆ, ಹಳೆಯ ಧಾಟಿಯ ಆರತಿ ಪದಕ್ಕೆ, ಒಂದು ಮಂಡಳಿಯ ಶ್ರುತಿಗೇ ಹೊಂದಿಸಿ ಮಾಡಿಸಿದ ಟ್ರ್ಯಾಕುಗಳವು. ಹತ್ತಿಪ್ಪತ್ತು ಪ್ರತಿ ಆಗಿದ್ದರೆ ಅದೇ ಹೆಚ್ಚು. ಅವು ಕಂಪನಿಯ ಅಚ್ಚೊತ್ತಿದ ಸಿ.ಡಿ.ಗಳೂ ಅಲ್ಲ, ಕಂಪ್ಯೂಟರಿನಲ್ಲಿ ಬರೆದ ಸಿ.ಡಿ.-ಆರ್‌ಗಳು.

ಈ ಎರಡರ ಅಂತರ ತಿಳಿದಿರಲೇಬೇಕು. ಕಾರ್ಖಾನೆಯ ಸಿ.ಡಿ.ಯಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನಲ್ಲೇ ಗುಳಿಗಳಾಗಿ ಒತ್ತಿರುತ್ತದೆ. ಸಿ.ಡಿ.-ಆರ್‌ನಲ್ಲಿ ಅದು ಸಾವಯವ ಬಣ್ಣದ ಒಂದು ತೆಳು ಪದರದ ಮೇಲೆ ಲೇಸರ್ ಸುಟ್ಟ ಗುರುತು. ಆ ಬಣ್ಣಕ್ಕೆ ಬಿಸಿಲು ಆಗದು, ಕಾವು ಆಗದು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ, ತಗಡಿನ ಸೂರಿನ ಕೆಳಗೆ ಅಥವಾ ಆಟೊದ ಡ್ಯಾಶ್‌ಬೋರ್ಡಿನ ಮೇಲೆ ಬಿದ್ದ ಸಿ.ಡಿ.-ಆರ್ ಎಷ್ಟು ವರ್ಷ ಬಾಳೀತು? ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಹೊಳೆಯುವ ಕೆಳಮೈಯನ್ನು ಜೋಪಾನ ಮಾಡಿ, ಹೆಸರು ಬರೆದ ಮೇಲ್ಮೈಯನ್ನು ಒರಟಾಗಿ ಬಳಸುತ್ತೇವೆ. ಅಪಾಯ ಹೆಚ್ಚು ಇರುವುದು ಮೇಲ್ಮೈಯಲ್ಲೇ. ಕೆಳಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಕಾವಲಿದೆ, ಮೇಲೆ ಲೋಹದ ಪದರಕ್ಕೆ ಬರೀ ಅರಗಿನಂಥ ಲೇಪ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೂ, ಅಂಟಿಸಿದ ಚೀಟಿ ಕಿತ್ತರೂ ಪದರ ಏಳುತ್ತದೆ, ಅದರೊಂದಿಗೆ ಹಾಡೂ ಹೋಗುತ್ತದೆ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳು ಕಂಡರೆ ಆ ಸಿ.ಡಿ.ಯ ಸರದಿ ಮೊದಲು ಬರಬೇಕು.

ಹಾಗಾದರೆ ಪ್ರತಿ ಮಾಡುವುದು ಹೇಗೆ? “ಕಾಪಿ ಪೇಸ್ಟ್ ಮಾಡಿದರಾಯಿತು” ಎಂದು ಹುಡುಗರು ಹೇಳುತ್ತಾರೆ. ಕರೋಕೆ ಸಿ.ಡಿ.ಯ ವಿಷಯದಲ್ಲಿ ಆಗುವುದಿಲ್ಲ. ಯಾಕೆಂದರೆ ಕರೋಕೆ ಸಿ.ಡಿ. ಎಂದರೆ ಒಂದೇ ಬಗೆಯದಲ್ಲ.

ಮೊದಲನೆಯದು ಸಾದಾ ಆಡಿಯೊ ಸಿ.ಡಿ. ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ತಂದ ಈ ಪದ್ಧತಿಯಲ್ಲಿ ಸೆಕೆಂಡಿಗೆ 44,100 ಸಲ ದನಿಯ ಅಲೆಯ ಎತ್ತರ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಡ ಬಲ ಎರಡಕ್ಕೂ ಬೇರೆಬೇರೆಯಾಗಿ ಬರೆಯುತ್ತಾರೆ. ಸೆಕೆಂಡಿಗೆ 1,411 ಕಿಲೋಬಿಟ್, ನಿಮಿಷಕ್ಕೆ ಹತ್ತು ಮೆಗಾಬೈಟ್‌ಗಿಂತ ತುಸು ಹೆಚ್ಚು. ಇದನ್ನು ಕಂಪ್ಯೂಟರಿನಲ್ಲಿ ತೆರೆದರೆ ಕಾಣುವ ಪುಟ್ಟ ಪುಟ್ಟ ಫೈಲುಗಳು ಬರೀ ವಿಳಾಸದ ಚೀಟಿಗಳು. ಅವನ್ನು ಎಳೆದು ಪೆನ್‌ಡ್ರೈವಿಗೆ ಹಾಕಿಕೊಂಡವರ ಕೈಗೆ ಹಾಡು ಬಂದಿರುವುದಿಲ್ಲ. ಸಿ.ಡಿ.ಯಿಂದ ದನಿಯನ್ನೇ ಓದಿ ಫೈಲು ಮಾಡುವ, ಅಂದರೆ ‘ರಿಪ್’ ಮಾಡುವ ತಂತ್ರಾಂಶವೇ ಬೇಕು. ಎಕ್ಸಾಕ್ಟ್ ಆಡಿಯೊ ಕಾಪಿಯಂಥವು ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ, ಎಲ್ಲಿ ಓದಲಾಗಲಿಲ್ಲ ಎಂಬುದನ್ನು ವರದಿಯಲ್ಲಿ ಬರೆದಿಡುತ್ತವೆ. ಆ ವರದಿಯನ್ನು ಹಾಡಿನ ಜೊತೆಗೇ ಇಟ್ಟುಕೊಳ್ಳಬೇಕು.

ಎರಡನೆಯದು ಸಿ.ಡಿ.+ಜಿ. ನೋಡಲು ಆಡಿಯೊ ಸಿ.ಡಿ.ಯೇ, ಕರೋಕೆ ಯಂತ್ರಕ್ಕೆ ಹಾಕಿದಾಗ ಮಾತ್ರ ಪರದೆಯ ಮೇಲೆ ಸಾಹಿತ್ಯ ಮೂಡಿ, ಹಾಡಿನೊಂದಿಗೆ ಅಕ್ಷರದ ಬಣ್ಣ ಬದಲಾಗುತ್ತ ಹೋಗುತ್ತದೆ. ಆ ಅಕ್ಷರಗಳು ಎಲ್ಲಿವೆ ಎಂಬುದೇ ಸ್ವಾರಸ್ಯ. ಆಡಿಯೊ ಸಿ.ಡಿ.ಯಲ್ಲಿ ದನಿಯ ಪಕ್ಕದಲ್ಲೇ ಎಂಟು ಸಣ್ಣ ಉಪವಾಹಿನಿಗಳಿವೆ. ಹಾಡಿನ ಸಂಖ್ಯೆ, ಸಮಯ ತೋರಿಸಲು ಎರಡು ಸಾಕು, ಉಳಿದ ಆರು ಖಾಲಿ. ಆ ಖಾಲಿ ಜಾಗದಲ್ಲಿ ಚಿತ್ರ ತುಂಬಿದ್ದೇ ಸಿ.ಡಿ.+ಜಿ. ಹದಿನಾರು ಬಣ್ಣ, 300 ಚುಕ್ಕೆ ಅಗಲ, 216 ಚುಕ್ಕೆ ಎತ್ತರ, ಅಷ್ಟೇ. ಮಾಮೂಲಿ ರಿಪ್ ತಂತ್ರಾಂಶ ಈ ಉಪವಾಹಿನಿಗಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ದನಿ ಬರುತ್ತದೆ, ಅಕ್ಷರ ಅಲ್ಲೇ ಉಳಿಯುತ್ತದೆ. ಉಪವಾಹಿನಿಯನ್ನೂ ಓದಬಲ್ಲ ಡ್ರೈವ್ ಮತ್ತು ತಂತ್ರಾಂಶ ಬಳಸಿದರೆ ಒಂದೇ ಹೆಸರಿನ ಎರಡು ಫೈಲು ಸಿಗುತ್ತವೆ: ದನಿಯದೊಂದು, ಸಾಹಿತ್ಯದ್ದೊಂದು. ಎರಡನ್ನೂ ಒಂದೇ ಫೋಲ್ಡರಿನಲ್ಲಿ ಇಡಬೇಕು, ಒಂದರ ಹೆಸರು ಬದಲಿಸಿದರೆ ಇನ್ನೊಂದರದನ್ನೂ ಬದಲಿಸಬೇಕು. ಸಾಹಿತ್ಯದ ಫೈಲು ಸೆಕೆಂಡಿಗೆ 7,200 ಬೈಟ್ ಮಾತ್ರ. ನಾಲ್ಕು ನಿಮಿಷದ ಹಾಡಿಗೆ ಎರಡು ಮೆಗಾಬೈಟೂ ಆಗುವುದಿಲ್ಲ. ಇದನ್ನು ಕುಗ್ಗಿಸುವ ಗೋಜಿಗೇ ಹೋಗಬೇಕಿಲ್ಲ.

ಮೂರನೆಯದು ವಿ.ಸಿ.ಡಿ. ನಮ್ಮ ಕಡೆ ಹೆಚ್ಚು ಕಾಣುವುದು ಇದೇ. 1993ರಲ್ಲಿ ಬಂದ ಈ ಪದ್ಧತಿ ಏಷ್ಯಾದ ಮನೆಗಳನ್ನು ಹೊಕ್ಕಷ್ಟು ಬೇರೆಲ್ಲೂ ಹೊಗಲಿಲ್ಲ. ಇದರಲ್ಲಿ ದನಿ ಮೊದಲೇ ಕುಗ್ಗಿಸಿದ್ದು: ಎಂಪೆಗ್ ಲೇಯರ್ 2 ಪದ್ಧತಿ, ಸೆಕೆಂಡಿಗೆ 224 ಕಿಲೋಬಿಟ್. ಕರೋಕೆ ವಿ.ಸಿ.ಡಿ.ಗಳಲ್ಲಿ ಇನ್ನೊಂದು ಜಾಣತನವಿದೆ. ಎಷ್ಟೋ ವಿ.ಸಿ.ಡಿ.ಗಳಲ್ಲಿ ಒಂದು ಕಿವಿಯ ವಾಹಿನಿಯಲ್ಲಿ ಹಾಡುಗಾರರ ದನಿ ಸಮೇತ ಪೂರ್ತಿ ಹಾಡು, ಇನ್ನೊಂದರಲ್ಲಿ ಬರೀ ವಾದ್ಯ. ಹಳೆಯ ಪ್ಲೇಯರಿನ ರಿಮೋಟಿನಲ್ಲಿ ಎಡ-ಬಲ ಬದಲಿಸುವ ಗುಂಡಿ ಇದ್ದದ್ದು ಈ ಕೆಲಸಕ್ಕೇ. ಮೊದಲು ದನಿಯೊಂದಿಗೆ ಕಲಿಯುವುದು, ಆಮೇಲೆ ಗುಂಡಿ ಒತ್ತಿ ತಾವೇ ಹಾಡುವುದು.

ಇಲ್ಲಿಯೇ ಹೆಚ್ಚಿನ ಹಾನಿ ಆಗುತ್ತಿರುವುದು. ಮೊಬೈಲಿಗೆ ಹಾಕಿಕೊಳ್ಳಲು ವಿ.ಸಿ.ಡಿ.ಯನ್ನು ಎಂಪಿ3 ಮಾಡುವಾಗ, ಜಾಗ ಉಳಿಯಲೆಂದು ‘ಮೋನೋ’ ಆಯ್ಕೆ ಒತ್ತಿಬಿಡುತ್ತಾರೆ. ಎಡ ಬಲ ಎರಡೂ ಕಲೆತು ಒಂದಾಗುತ್ತವೆ, ಹಾಡುಗಾರರ ದನಿ ಟ್ರ್ಯಾಕಿನೊಳಗೆ ಸೇರಿಕೊಳ್ಳುತ್ತದೆ. ಬೇರ್ಪಡಿಸಿ ಇಟ್ಟಿದ್ದನ್ನು ನಾವೇ ಕಲಸಿದಂತೆ. ಮೋನೋ ಒತ್ತದೆ ಸ್ಟೀರಿಯೊ ಇಟ್ಟರೂ, ಸೆಕೆಂಡಿಗೆ ಬರೆಯುವ ಬಿಟ್ಟುಗಳು ಕಡಿಮೆಯಾದರೆ, ಅಂದರೆ ಕಡಿಮೆ ಬಿಟ್‌ರೇಟಿನಲ್ಲಿ ತೊಂದರೆ ತಪ್ಪದು. ‘ಜಾಯಿಂಟ್ ಸ್ಟೀರಿಯೊ’ ಪದ್ಧತಿ ಎಡ ಬಲಗಳಲ್ಲಿ ಸಮಾನವಾದದ್ದನ್ನೂ ಭಿನ್ನವಾದದ್ದನ್ನೂ ವಿಂಗಡಿಸಿ ಬರೆಯುತ್ತದೆ. ಬಿಟ್‌ಗಳು ಸಾಲದಾದಾಗ ಒಂದರ ನೆರಳು ಇನ್ನೊಂದರಲ್ಲಿ ಬೀಳುತ್ತದೆ, ವಾದ್ಯದ ವಾಹಿನಿಯಲ್ಲಿ ಗಾಯಕಿಯ ದನಿ ದೂರದಿಂದ ಬಂದಂತೆ ಕೇಳತೊಡಗುತ್ತದೆ.

ವಿ.ಸಿ.ಡಿ.ಗೆ ಸರಿಯಾದ ದಾರಿ ಸುಲಭದ್ದೇ. ದನಿಯನ್ನು ಮತ್ತೆ ಕುಗ್ಗಿಸಲೇಬೇಡಿ. ಇಡೀ ಸಿ.ಡಿ.ಯನ್ನು ಇದ್ದಂತೆಯೇ ಫೈಲಾಗಿ ಇಳಿಸಿದ ‘ಇಮೇಜ್’ ತೆಗೆದಿಡಿ. ಎಫ್‌ಎಫ್‌ಎಂಪೆಗ್‌ನಂಥ ಉಚಿತ ತಂತ್ರಾಂಶದಿಂದ, ಒಳಗಿರುವ ಲೇಯರ್ 2 ದನಿಯನ್ನು ಹೇಗಿದೆಯೋ ಹಾಗೆಯೇ ಹೊರತೆಗೆಯಬಹುದು, ಒಂದು ಬಿಟ್ಟೂ ಬದಲಾಗುವುದಿಲ್ಲ. ಬರೀ ಟ್ರ್ಯಾಕ್ ಬೇಕಿದ್ದರೆ ಆ ಒಂದು ವಾಹಿನಿಯನ್ನು ಮಾತ್ರ ಬೇರ್ಪಡಿಸಿ ಇನ್ನೊಂದು ಫೈಲು ಮಾಡಿಕೊಳ್ಳಿ, ಎಡವೋ ಬಲವೋ ಎಂದು ಇಯರ್‌ಫೋನ್ ಹಾಕಿ ಕೇಳಿ ಖಚಿತ ಮಾಡಿಕೊಂಡ ಮೇಲೆ. ವಿ.ಸಿ.ಡಿ. ವಿಷಯದಲ್ಲಿ ತಡ ಮಾಡಬಾರದೆನ್ನಲು ಇನ್ನೊಂದು ಕಾರಣವಿದೆ. ಕಂಪ್ಯೂಟರ್ ಡೇಟಾ ಸಿ.ಡಿ.ಗಳಲ್ಲಿ ಗೀರು ಬಿದ್ದ ಜಾಗದ ಮಾಹಿತಿಯನ್ನು ಲೆಕ್ಕ ಹಾಕಿ ಸರಿಪಡಿಸಲು ಒಂದು ಹೆಚ್ಚುವರಿ ರಕ್ಷಣೆ ಇರುತ್ತದೆ. ಹೆಚ್ಚು ನಿಮಿಷದ ವಿಡಿಯೊ ಹಿಡಿಸಲೆಂದು ವಿ.ಸಿ.ಡಿ.ಯಲ್ಲಿ ಆ ರಕ್ಷಣೆಯನ್ನೇ ತೆಗೆದು, ಆ ಜಾಗಕ್ಕೂ ಚಿತ್ರ ತುಂಬಿದ್ದಾರೆ. ಆದ್ದರಿಂದಲೇ ಸಾಮಾನ್ಯ ಗೀರಿಗೂ ಚಿತ್ರ ಚೌಕ ಚೌಕವಾಗಿ ಒಡೆದು, ಹಾಡು ತಡವರಿಸುತ್ತದೆ.

ಇನ್ನು ಕುಗ್ಗಿಸುವ ಲೆಕ್ಕಾಚಾರ. ಎಂಪಿ3 ರೂಪಿಸಿದವರಲ್ಲಿ ಮುಖ್ಯರು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಅವರ ಸಂಗಡಿಗರು. ಅವರು ಹಿಡಿದದ್ದು ನಮ್ಮ ಕಿವಿಯ ಒಂದು ಗುಣವನ್ನು: ಜೋರಾದ ಸ್ವರ ಮೊಳಗುವಾಗ ಅದರ ಅಕ್ಕಪಕ್ಕದ ಮೆಲುದನಿ ನಮಗೆ ಕೇಳಿಸುವುದಿಲ್ಲ. ಕೇಳಿಸದ್ದನ್ನು ಬರೆಯುವುದೇಕೆ ಎಂದು ಬಿಟ್ಟುಬಿಟ್ಟರೆ ಫೈಲು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಐದು ನಿಮಿಷದ ಪದ ಸಿ.ಡಿ.ಯಲ್ಲಿ ಸುಮಾರು 53 ಮೆಗಾಬೈಟ್, 128 ಕಿಲೋಬಿಟ್ಟಿನ ಎಂಪಿ3ಯಲ್ಲಿ ಐದಕ್ಕೂ ಕಡಿಮೆ. ಪೆನ್‌ಡ್ರೈವ್ 256 ಮೆಗಾಬೈಟ್ ಇದ್ದ ಕಾಲದಲ್ಲಿ ಇದು ಬಡವರ ಪಾಲಿನ ಭಾಗ್ಯವೇ ಆಗಿತ್ತು. ಒಂದೇ ಸಿ.ಡಿ.ಯಲ್ಲಿ ನೂರೈವತ್ತು ಹಾಡು ಕೇಳಿದ್ದು ಅದರಿಂದಲೇ. ಆ ಉಪಕಾರವನ್ನು ಮರೆತು ಮಾತಾಡುವುದು ಸರಿಯಲ್ಲ. ಆದರೆ ಆ ಕಾಲದ ಅಭ್ಯಾಸ, ಜಾಗ ಅಗ್ಗವಾದ ಈ ಕಾಲಕ್ಕೂ ಅಂಟಿಕೊಂಡಿದೆ. ಇಂದಿಗೂ ಅಂಗಡಿಯಲ್ಲಿ ಸಿ.ಡಿ. ಕೊಟ್ಟು ‘ಪೆನ್‌ಡ್ರೈವಿಗೆ ಹಾಕಿಕೊಡಿ’ ಎಂದರೆ ಕೇಳದೆಯೇ 128ಕ್ಕೆ ಇಳಿಸಿ ಕೊಡುತ್ತಾರೆ.

ನಮ್ಮ ಸಂಗೀತಕ್ಕೆ 128 ಸಾಲದು ಎನ್ನಲು ಚಿಟಿಕೆಯನ್ನೇ ಸಾಕ್ಷಿ ಕರೆಯುತ್ತೇನೆ. ಎಂಪಿ3 ದನಿಯನ್ನು ತುಂಡು ತುಂಡಾಗಿ ತೆಗೆದುಕೊಳ್ಳುತ್ತದೆ, ಒಂದೊಂದು ಫ್ರೇಮು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 26 ಭಾಗ. ಒಂದು ತುಂಡಿನ ನಡುವೆ ಚಿಟಿಕೆಯ ಏಟು ಬಿದ್ದರೆ, ಕುಗ್ಗಿಸುವಾಗ ಆದ ತಪ್ಪು ಇಡೀ ತುಂಡಿಗೆ ಹರಡುತ್ತದೆ. ಅಂದರೆ ಏಟು ಬೀಳುವ ಮುಂಚೆಯೇ ಒಂದು ಸವಕಲು ‘ಶ್’ ಸದ್ದು ಬರುತ್ತದೆ, ಏಟಿನ ಮೊನೆ ಮೊಂಡಾಗುತ್ತದೆ. ಇದನ್ನು ತಡೆಯಲು ತುಂಡನ್ನು ಇನ್ನೂ ಸಣ್ಣದು ಮಾಡುವ ಉಪಾಯ ಎಂಪಿ3ಯಲ್ಲೇ ಇದೆ, ಆದರೆ ಅದಕ್ಕೆ ಬಿಟ್ ಬೇಕು. ಯುರೋಪಿನ ಪ್ರಸಾರ ಒಕ್ಕೂಟ ದನಿ ಪರೀಕ್ಷೆಗೆಂದೇ 1988ರಲ್ಲಿ ಹೊರತಂದ ಸಿ.ಡಿ.ಯಲ್ಲಿ ಸ್ಪೇನಿನ ಕ್ಯಾಸ್ಟನೆಟ್ ಎಂಬ ಮರದ ಚಿಟಿಕೆ ಇದೆ. ಕುಗ್ಗಿಸುವ ಪದ್ಧತಿಗಳನ್ನು ಸೋಲಿಸುವುದರಲ್ಲಿ ಅದಕ್ಕೆ ದೊಡ್ಡ ಹೆಸರು. ನಮ್ಮ ಭಜನೆಯಲ್ಲಿ ಚಿಟಿಕೆ, ತಾಳ, ಗೆಜ್ಜೆ ಹಾಡಿನ ಉದ್ದಕ್ಕೂ ಇರುತ್ತವೆ! ತಂಬೂರಿಯದು ಬೇರೆ ಕಥೆ. ಜೀವಾಳದ ಎಳೆ ಹಾಕಿದಾಗ ಹೊಮ್ಮುವ ಮೇಲಿನ ಸ್ವರಗಳ ಮಿನುಗು ಕಡಿಮೆ ಬಿಟ್‌ರೇಟಿನಲ್ಲಿ ನೀರಿನೊಳಗಿಂದ ಬಂದಂತೆ ಕದಡುತ್ತದೆ.

ಟ್ರ್ಯಾಕಿಗೆ ಇನ್ನೂ ಒಂದು ಗಂಡಾಂತರವಿದೆ. ಅದನ್ನು ಯಾರೂ ಇದ್ದ ಹಾಗೆಯೇ ಬಳಸುವುದಿಲ್ಲ. ಹಾಡುವವರ ಕಂಠಕ್ಕೆ ತಕ್ಕಂತೆ ಶ್ರುತಿ ಏರಿಸುತ್ತಾರೆ, ಇಳಿಸುತ್ತಾರೆ, ವೇಗ ಬದಲಿಸುತ್ತಾರೆ, ಜಾತ್ರೆಯ ದೊಡ್ಡ ಸ್ಪೀಕರಿಗೆ ಟ್ರೆಬಲ್ ಹೆಚ್ಚಿಸುತ್ತಾರೆ. ಕಿವಿಗೆ ಕೇಳಿಸದು ಎಂಬ ನಂಬಿಕೆಯ ಮೇಲೆ ಬಚ್ಚಿಟ್ಟ ತಪ್ಪುಗಳೆಲ್ಲ ಆಗ ಹೊರಬೀಳುತ್ತವೆ. ಬರೀ ಕೇಳುವ ಹಾಡಿಗಿಂತ ಟ್ರ್ಯಾಕಿಗೆ ಹೆಚ್ಚು ಗುಣಮಟ್ಟ ಬೇಕು ಎನ್ನುವುದು ಇದಕ್ಕೇ.

ಆದ್ದರಿಂದ ನನ್ನ ಮಾತು ಖಡಾಖಂಡಿತ: ಆಡಿಯೊ ಸಿ.ಡಿ.ಯ ಮೂಲ ಪ್ರತಿಯನ್ನು ಫ್ಲ್ಯಾಕ್‌ನಲ್ಲಿ ಇಡಿ. 2001ರಲ್ಲಿ ಜೋಶ್ ಕೋಲ್ಸನ್ ಬಿಡುಗಡೆ ಮಾಡಿದ ಈ ಪದ್ಧತಿ ಉಚಿತ, ಮುಕ್ತ. ಇದು ಏನನ್ನೂ ಬಿಸಾಡುವುದಿಲ್ಲ, ಜಾಣತನದಿಂದ ಮಡಿಚುತ್ತದೆ ಅಷ್ಟೇ. ಬಿಚ್ಚಿದಾಗ ಸಿ.ಡಿ.ಯಲ್ಲಿದ್ದದ್ದೇ ಬಿಟ್ ಬಿಟ್ಟಾಗಿ ಮರಳುತ್ತದೆ. ಅದರಲ್ಲಿ 0ರಿಂದ 8ರವರೆಗೆ ಅಂಕಿಗಳಿರುವುದನ್ನು ಕಂಡು ಎಂಟೇ ಉತ್ತಮ ಗುಣಮಟ್ಟವೆಂದು ತಿಳಿಯಬೇಡಿ. ಎಲ್ಲದರ ಗುಣಮಟ್ಟವೂ ಒಂದೇ, ವ್ಯತ್ಯಾಸ ಮಡಿಚಲು ಹಿಡಿಯುವ ಸಮಯ ಮತ್ತು ಫೈಲಿನ ಗಾತ್ರದಲ್ಲಿ ಮಾತ್ರ. ತಾನಾಗಿ ಬರುವ 5 ಸಾಕು. ಒಂದು ಸಿ.ಡಿ. ಮುನ್ನೂರು ನಾನ್ನೂರು ಮೆಗಾಬೈಟಿಗೆ ಕೂರುತ್ತದೆ, ಒಂದು ಮಂಡಳಿಯ ಸಂಗ್ರಹವೆಲ್ಲ 64 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಹಿಡಿದೀತು.

ಹಂಚಲು ಬೇರೆ ಪ್ರತಿ ಮಾಡಿ. ಎಂಪಿ3ಗೆ ಲೇಮ್ ಎಂಬ ತಂತ್ರಾಂಶವಿದೆ. ಅದರ ‘ವಿ-0’ ಅಥವಾ ‘ವಿ-2’ ಆಯ್ಕೆಯಲ್ಲಿ ಬಿಟ್‌ರೇಟ್ ಸ್ಥಿರವಲ್ಲ, ಚಿಟಿಕೆ ಬಂದಲ್ಲಿ ಹೆಚ್ಚು, ಮೌನ ಬಂದಲ್ಲಿ ಕಡಿಮೆ. ಸರಾಸರಿ ವಿ-2ಕ್ಕೆ 190, ವಿ-0ಗೆ 245 ಕಿಲೋಬಿಟ್ ಆಸುಪಾಸು. ಮೊಬೈಲಿಗೆ, ಕಾರಿಗೆ ವಿ-2 ಸಾಕು. ವೇದಿಕೆಗೆ ಹೋಗುವ ಟ್ರ್ಯಾಕಿಗೆ ವಿ-0 ಅಥವಾ 320. ಕೆಲವು ಹಳೆಯ ಯಂತ್ರಗಳು ಬದಲಾಗುವ ಬಿಟ್‌ರೇಟಿಗೆ ಹಾಡಿನ ಸಮಯ ತಪ್ಪಾಗಿ ತೋರಿಸುತ್ತವೆ, ಅಂಥಲ್ಲಿ 320 ನೆಮ್ಮದಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಎಂದು ಕಳಿಸಿ. ಸ್ಪೀಕರಿನ ಮುಂದೆ ಮೊಬೈಲ್ ಹಿಡಿದು ವಾಯ್ಸ್ ಮೆಸೇಜ್ ಮಾಡಿ ಹಂಚಿದ ಹಾಡು ಸಂಗ್ರಹಕ್ಕೆ ಬಾರದು.

ಈಗಾಗಲೇ 128ಕ್ಕೆ ಇಳಿದ ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಸರಿಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಹಿಂಡಿದ ಕಬ್ಬಿನ ಸಿಪ್ಪೆಯನ್ನು ಎಷ್ಟು ದೊಡ್ಡ ಕೊಪ್ಪರಿಗೆಯಲ್ಲಿ ಇಟ್ಟರೂ ರಸ ಮರಳದು. ಆ ಎಂಪಿ3ಯನ್ನು ಹಾಗೆಯೇ ಜೋಪಾನ ಮಾಡಿ, ಮೂಲ ಸಿ.ಡಿ. ಇನ್ನೂ ಯಾರ ಮನೆಯಲ್ಲಾದರೂ ಇದೆಯೇ ವಿಚಾರಿಸಿ. ಕ್ಯಾಸೆಟ್ ಇದ್ದರೆ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಳಿಸಿಕೊಳ್ಳಿ. ಜಗತ್ತಿನ ಧ್ವನಿ ಸಂಗ್ರಹಾಲಯಗಳ ಸಂಘವೇ ಒಪ್ಪಿದ ಕನಿಷ್ಠ ಅಳತೆ ಅದು, ಸಂರಕ್ಷಣೆಯ ಪ್ರತಿಯಲ್ಲಿ ದನಿ ಬಿಸಾಡುವ ಪದ್ಧತಿ ಬಳಸಬಾರದೆಂಬುದೂ ಅವರದೇ ನಿಯಮ.

ಕಾನೂನಿನ ಮಾತು ಎರಡೇ ಸಾಲು. ದಾಸರ ಸಾಹಿತ್ಯ ಎಲ್ಲರದು, ಆದರೆ ಅದರ ಧ್ವನಿಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯವಿದೆ. ಖಾಸಗಿ ಬಳಕೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿನಾಯಿತಿ ಕೊಡುತ್ತದೆ, ಯೂಟ್ಯೂಬಿಗೆ ಏರಿಸುವುದು ಖಾಸಗಿ ಬಳಕೆಯಲ್ಲ.

ಪ್ರತಿ ಮಾಡಿದರಷ್ಟೇ ಮುಗಿಯಲಿಲ್ಲ. ‘ಟ್ರ್ಯಾಕ್ 01’ ಎಂಬ ಹೆಸರಿನ ಫೈಲು ಹತ್ತು ವರ್ಷದ ಮೇಲೆ ಯಾರಿಗೂ ಏನೂ ಹೇಳದು. ಪದದ ಮೊದಲ ಸಾಲು, ಅಂಕಿತ, ರಾಗ, ಶ್ರುತಿ, ನುಡಿಸಿದವರು, ಹಾಡಿದವರು, ಊರು, ವರ್ಷ, ಯಾವ ಸಂದರ್ಭ ಎಂಬುದನ್ನೆಲ್ಲ ಕನ್ನಡದಲ್ಲೇ ಬರೆದು ಜೊತೆಗಿಡಿ. ಸಿ.ಡಿ.ಯ ಹೊದಿಕೆಯ ಫೋಟೊ ತೆಗೆದಿಡಿ. ಇದನ್ನೆಲ್ಲ ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ.

ಭಾದ್ರಪದ ಶುದ್ಧ ನವಮಿಗೆ ಜಗನ್ನಾಥದಾಸರ ಆರಾಧನೆ, ಕಾರ್ತಿಕ ಶುದ್ಧ ದಶಮಿಗೆ ವಿಜಯದಾಸರದು, ಪುಷ್ಯ ಬಹುಳ ಅಷ್ಟಮಿಗೆ ಗೋಪಾಲದಾಸರದು. ಮಂಡಳಿಗಳು ಒಂದೆಡೆ ಸೇರುವ ದಿನಗಳಿವು. ಮಸರಕಲ್, ದೇವದುರ್ಗ, ಮಾನ್ವಿಯ ಓದಿದ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟು: ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಡ್ರೈವ್ ಇರುವುದಿಲ್ಲ, ಯು.ಎಸ್.ಬಿ.ಗೆ ಸಿಕ್ಕಿಸುವ ಡ್ರೈವ್ ಒಂದನ್ನು ಗೆಳೆಯರೆಲ್ಲ ಸೇರಿ ಕೊಂಡುಕೊಳ್ಳಿ. ಆರಾಧನೆಗೆ ಬರುವವರಿಗೆ ಮನೆಯ ಸಿ.ಡಿ. ತರಲು ಹೇಳಿ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಕಡಿಮೆ ವೇಗದಲ್ಲಿ ಓದಿಸಿ, ಪ್ರತಿ ತೆಗೆದು ಅಂದೇ ಹಿಂದಿರುಗಿಸಿ. ಕಂಪನಿಯ ಮುದ್ರೆ ಇರುವುದನ್ನು ಆಮೇಲೆ ನೋಡಿಕೊಳ್ಳಬಹುದು. ಕೈಬರಹದಲ್ಲಿ ಹೆಸರು ಬರೆದಿರುವ ಸಿ.ಡಿ.ಗಳಿಂದ ಶುರು ಮಾಡಿ, ಅವುಗಳಲ್ಲಿ ಹೆಚ್ಚಿನವಕ್ಕೆ ಇನ್ನೊಂದು ಪ್ರತಿ ಸಿಗುವ ಭರವಸೆಯಿಲ್ಲ.